ಸ್ಕ್ಯಾನ್ ಚಿತ್ರ: ನಕಲು ಸಾಲದು, ಅಸಲೂ ಬೇಕು

ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಸಿ.ಟಿ., ಎಂ.ಆರ್.ಐ. ಸ್ಕ್ಯಾನ್ ಮಾಡಿಸಿಕೊಂಡು ಬರುವುದು ಮಂಜೇಶ್ವರ, ಕುಂಬಳೆ, ಕಾಸರಗೋಡು ಭಾಗದವರಿಗೆ ಹೊಸತೇನಲ್ಲ. ಮುಂದಿನ ಚಿಕಿತ್ಸೆಗೆಂದು ಕೆಲವರು ಪರಿಯಾರಕ್ಕೋ, ತಿರುವನಂತಪುರಕ್ಕೋ ಹೋಗಬೇಕಾಗುತ್ತದೆ. ಜೊತೆಗೆ ಒಯ್ದ ಸಿ.ಡಿ. ಕೊಟ್ಟರೆ ಕೆಲವೊಮ್ಮೆ ಸಿಗುವ ಉತ್ತರ: 'ಇದು ಓಪನ್ ಆಗ್ತಾ ಇಲ್ಲ, ಮೊಬೈಲಲ್ಲಿ ಫೋಟೊ ಇದ್ರೆ ತೋರ್ಸಿ.' ಫೋಟೊ ಸಾಲದೆಂದರೆ ಮತ್ತೆ ಸ್ಕ್ಯಾನ್. ಮತ್ತೆ ಸಾವಿರಾರು ರೂಪಾಯಿ ಖರ್ಚು, ಸಿ.ಟಿ.ಯಾದರೆ ಮೈಗೆ ಮತ್ತೊಮ್ಮೆ ವಿಕಿರಣ.

ಸ್ಕ್ಯಾನ್ ಯಂತ್ರಗಳು ಚಿತ್ರವನ್ನು ಉಳಿಸುವುದು 'ಡೈಕಾಮ್' ಎಂಬ ರೂಪದಲ್ಲಿ. ಒಂದು ಕಂಪೆನಿಯ ಯಂತ್ರ ತೆಗೆದ ಚಿತ್ರ ಇನ್ನೊಂದು ಕಡೆಯೂ ತೆರೆಯಬೇಕೆಂದು ಅಮೆರಿಕದ ವಿಕಿರಣ ತಜ್ಞರೂ ಯಂತ್ರ ತಯಾರಕರೂ 1983ರಲ್ಲಿ ಒಟ್ಟು ಸೇರಿ ಆರಂಭಿಸಿದ ಕೆಲಸದ ಫಲವಿದು. 1993ರಲ್ಲಿ ಇದಕ್ಕೆ ಡೈಕಾಮ್ ಎಂಬ ಹೆಸರು ಬಂತು. ಆದರೆ ಇದನ್ನು ನೋಡಲು ಪ್ರತ್ಯೇಕ ತಂತ್ರಾಂಶ ಬೇಕು. ಮೊಬೈಲಿಗೆ ಸಲೀಸಾಗಿ ತೆರೆಯಲು ಬರುವುದು ಜೆಪೆಗ್ ಚಿತ್ರ. ಇಮೇಜ್‌ಜೆಯಂಥ ಉಚಿತ ತಂತ್ರಾಂಶವಿದ್ದರೆ ಡೈಕಾಮನ್ನು ಜೆಪೆಗ್ ಮಾಡುವುದು ಕೆಲವೇ ನಿಮಿಷಗಳ ಕೆಲಸ.

ಕೆಲಸ ಸುಲಭವೆಂದ ಮಾತ್ರಕ್ಕೆ ನಷ್ಟ ಸಣ್ಣದಲ್ಲ. ಸಿ.ಟಿ. ಚಿತ್ರದ ಮೂಲ ಕಡತದಲ್ಲಿ ಸಾಮಾನ್ಯವಾಗಿ 4096 ಹಂತಗಳ ಬೂದು ಛಾಯೆಗೆ ಜಾಗವಿರುತ್ತದೆ. ಮಾಮೂಲಿ ಜೆಪೆಗ್‌ನಲ್ಲಿ 256ಕ್ಕೆ ಮಾತ್ರ. ವೈದ್ಯರು ಮೂಲ ಚಿತ್ರದ ಛಾಯೆ ಬದಲಿಸುತ್ತಾ ಒಮ್ಮೆ ಶ್ವಾಸಕೋಶವನ್ನು, ಒಮ್ಮೆ ಎಲುಬನ್ನು ಪರೀಕ್ಷಿಸುತ್ತಾರೆ. ಹೊಟ್ಟೆಯ ಅಂಗಗಳಿಗೆಂದು ಹೊಂದಿಸಿ ತೆಗೆದ ಜೆಪೆಗ್ ಪ್ರತಿಯಲ್ಲಿ ಶ್ವಾಸಕೋಶ ಬರೀ ಕಪ್ಪು, ಎಲುಬು ಬರೀ ಬಿಳಿ. ಅಲ್ಲಿ ಮುಳುಗಿಹೋದ ವಿವರ ಮತ್ತೆ ಮೇಲೆ ಬಾರದು. ಒಂದೊಂದು ಬಿಂದು ಎಷ್ಟು ಮಿಲಿಮೀಟರ್ ಎಂಬ ಲೆಕ್ಕ, ರೋಗಿಯ ಹೆಸರು, ದಿನಾಂಕ ಇವೆಲ್ಲ ಮೂಲ ಕಡತದೊಳಗೇ ಇರುತ್ತವೆ. ಪರಿವರ್ತನೆಯಲ್ಲಿ ಇವೂ ಬಿಟ್ಟುಹೋದರೆ ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ ಎಂದು ಅಳೆಯುವುದು ಹೇಗೆ? ಸ್ಕ್ಯಾನಿನ ನೂರಾರು ಚಿತ್ರಗಳಲ್ಲಿ ನಾಲ್ಕನ್ನು ಆರಿಸಿ ವಾಟ್ಸಪ್‌ನಲ್ಲಿ ಕಳಿಸಿದರೆ ಉಳಿದುದನ್ನು ವೈದ್ಯರು ಊಹಿಸಬೇಕೇ?

ಹಾಗೆಂದು ಜೆಪೆಗ್ ಬೇಡವೆಂದಲ್ಲ. ತುರ್ತಿಗೆ ದೂರದ ವೈದ್ಯರ ಪ್ರಾಥಮಿಕ ಅಭಿಪ್ರಾಯ ಕೇಳಲು, ಮನೆಯವರಿಗೆ ವಿಷಯ ತಿಳಿಸಲು ಅದು ಉಪಯುಕ್ತ. ಚಿಕಿತ್ಸೆ ನಿರ್ಧರಿಸಲು ಮಾತ್ರ ಮೂಲವೇ ಬೇಕು.

ಕೇಳಿದ ರೋಗಿಗೆ ವೈದ್ಯಕೀಯ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಸ್ಕ್ಯಾನ್ ಕೇಂದ್ರಗಳು ಬರೇ ಫಿಲ್ಮ್ ಮತ್ತು ವರದಿ ಕೊಟ್ಟು ಕೈತೊಳೆದುಕೊಳ್ಳಬಾರದು. ಡೈಕಾಮ್ ಕಡತಗಳನ್ನು ಪೂರ್ತಿಯಾಗಿ ಕೊಡಬೇಕು. ಜೊತೆಗೆ ತಜ್ಞರೇ ಆರಿಸಿದ ಮುಖ್ಯ ಚಿತ್ರಗಳ ಜೆಪೆಗ್ ಪ್ರತಿಯನ್ನೂ ಕೊಡಲಿ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲವಾದ್ದರಿಂದ ಪೆನ್‌ಡ್ರೈವ್‌ಗೂ ಅವಕಾಶವಿರಲಿ. ಗಡಿಭಾಗದ ತಾಲೂಕು ಆಸ್ಪತ್ರೆಗಳಲ್ಲಿ ಇಂಥ ಕಡತ ತೆರೆಯುವ ಒಂದು ಕಂಪ್ಯೂಟರ್, ತಿಳಿದ ಒಬ್ಬ ಸಿಬ್ಬಂದಿ ಇದ್ದರೆ ಎಷ್ಟೋ ಜನರ ಅಲೆದಾಟ ತಪ್ಪೀತು.

ಜನರೂ ಎಚ್ಚರ ವಹಿಸಬೇಕು. 'ಫಿಲ್ಮ್ ಉಂಟಲ್ಲ, ಸಿ.ಡಿ. ಯಾಕೆ?' ಎಂದು ಬಿಸಾಡುವುದು ಬೇಡ. ಉಚಿತವಾಗಿ ಪರಿವರ್ತಿಸಿ ಕೊಡುತ್ತೇವೆನ್ನುವ ಗುರುತು ಪರಿಚಯವಿಲ್ಲದ ಜಾಲತಾಣಗಳಿಗೆ ಕಡತ ಹಾಕುವುದೂ ಬೇಡ. ಹೆಸರು, ವಯಸ್ಸು ಎಲ್ಲ ಅದರೊಳಗಿರುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ಗಡಿ ಮುಚ್ಚಿ, ತಲಪಾಡಿಯಲ್ಲಿ ರೋಗಿಗಳು ವಾಪಸಾಗಬೇಕಾಗಿ ಬಂದದ್ದನ್ನು ಈ ಜಿಲ್ಲೆ ಮರೆತಿಲ್ಲ. ರೋಗಿ ದಾಟಲಾಗದ ಗಡಿಯನ್ನು ಅವರ ಸ್ಕ್ಯಾನ್ ಚಿತ್ರವಾದರೂ ದಾಟುವಂತಿರಬೇಕು. ದಾಟಿದ ಮೇಲೆ ಅದು ವೈದ್ಯರು ಓದಲು ಬರುವಂತೆಯೂ ಇರಬೇಕು. ಆಸ್ಪತ್ರೆಗಳೂ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳೂ ಇತ್ತ ಗಮನ ಹರಿಸಲಿ.