ಮಾತ್ರೆ ತಪ್ಪದಿದ್ದರೆ ಆಸ್ಪತ್ರೆ ಬಿಲ್ ತಗ್ಗುತ್ತದೆ

ಚಿಕಿತ್ಸೆಯ ಖರ್ಚು ಎಂದಕೂಡಲೇ ನಮ್ಮಲ್ಲಿ ಮಾತು ಆಪರೇಷನ್, ಐಸಿಯು, ವಿಮೆ ಕಾರ್ಡುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬೇಕೇ ಬೇಕು. ಆದರೆ ಆ ಕಾರ್ಡು ಮುಖ್ಯವಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆ ಸೇರಿದ ಮೇಲೆ. ಅದಕ್ಕೂ ಮೊದಲು ವರ್ಷಗಟ್ಟಲೆ ಬಿಪಿ, ಶುಗರ್ ಮಾತ್ರೆಗೆಂದು ಮೆಡಿಕಲ್ ಶಾಪಿನಲ್ಲಿ ತೆತ್ತ ಹಣವನ್ನು ಅದು ಭರಿಸುವುದಿಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ರಲ್ಲಿ ಶೇ 39.4ಕ್ಕೆ ಇಳಿದಿದೆ. ಇಳಿದದ್ದು ಸಮಾಧಾನವೇ, ಆದರೂ ಉಳಿದಿರುವ ಹೊರೆ ಸಣ್ಣದಲ್ಲ. ಹೊರರೋಗಿಗಳ ಖರ್ಚಿನಲ್ಲಿ ಔಷಧಿಯದೇ ದೊಡ್ಡ ಪಾಲು ಎಂಬುದನ್ನು ಸರ್ಕಾರದ ಮಾದರಿ ಸಮೀಕ್ಷೆಗಳೇ ತೋರಿಸಿವೆ. ಹಾಗಾಗಿ ಖರ್ಚು ಇಳಿಸುವ ಕೆಲಸ ಊರಿನ ಉಪಕೇಂದ್ರದಿಂದ, ಅಲ್ಲಿನ ಔಷಧಿ ಕಪಾಟಿನಿಂದ ಶುರುವಾಗಬೇಕು ಎಂಬುದು ನನ್ನ ವಾದ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಈ ಎರಡೂ ಕಾಯಿಲೆಗಳು ನೋವು ಕೊಡದೆ ಒಳಗೊಳಗೇ ಬೆಳೆಯುತ್ತವೆ. ಮೈ ಹಗುರಾಗಿದೆ ಅನ್ನಿಸಿದ ದಿನ ಮಾತ್ರೆ ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆಂದರೆ ಇನ್ನೂ ಬೇಗ ನಿಲ್ಲುತ್ತದೆ. ಹೀಗೆ ಬಿಟ್ಟ ಬಿಪಿ ಮಾತ್ರೆಯ ಬೆಲೆ ಜನೌಷಧಿ ಮಳಿಗೆಯಲ್ಲಿ ಒಂದು ರೂಪಾಯಿಯ ಆಸುಪಾಸು. ಬಿಟ್ಟದ್ದರ ಫಲ ಮಾತ್ರ ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯ. ಡಯಾಲಿಸಿಸ್ ಪುಕ್ಕಟೆ ಸಿಕ್ಕರೂ ವಾರಕ್ಕೆ ಎರಡು ಮೂರು ಸಲ ರೋಗಿ ಮತ್ತು ಜೊತೆಗೊಬ್ಬರು ಬಸ್ ಹತ್ತಬೇಕು. ದುಡಿಯುವ ಎರಡು ಜೀವಗಳು ಒಟ್ಟಿಗೆ ಮನೆಯ ಸಂಪಾದನೆಯಿಂದ ಹೊರಬೀಳುತ್ತವೆ. ಈ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇಲ್ಲಿಯೇ ಹೊಸ ಮಾದರಿಗಳ ಮಹತ್ವ ಇರುವುದು. ತಮಿಳುನಾಡು 2021ರಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಆರಂಭಿಸಿ ಬಿಪಿ, ಶುಗರ್ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸತೊಡಗಿತು. ಕರ್ನಾಟಕದ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರ ಜಿಲ್ಲೆಯಿಂದ ಹೊರಟಿತು. ಇವುಗಳಿಗೂ ಮುಂಚೆ, 2017ರ ಕೊನೆಯಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಕೆಲಸದ ಕ್ರಮವನ್ನೇ ಸರಳಗೊಳಿಸಿತ್ತು. ಆ ಕ್ರಮ ಹೀಗಿದೆ: ರೋಗಿಯ ಹೆಸರಿಗೊಂದು ಕಾರ್ಡು, ಅದರಲ್ಲಿ ಪ್ರತಿ ಭೇಟಿಯ ಬಿಪಿ ಮತ್ತು ಮುಂದಿನ ಬಾರಿ ಬರಬೇಕಾದ ತಾರೀಖು. ಮೊದಲು ಇಂಥ ಮಾತ್ರೆ, ಒತ್ತಡ 140/90ರ ಕೆಳಗೆ ಇಳಿಯದಿದ್ದರೆ ಮುಂದಿನ ಹಂತ ಇಂಥದ್ದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ವೈದ್ಯರು ಒಮ್ಮೆ ಶುರುಮಾಡಿಕೊಟ್ಟ ಚಿಕಿತ್ಸೆಯ ಮುಂದಿನ ನಿಗಾ ನರ್ಸ್, ಸಮುದಾಯ ಆರೋಗ್ಯ ಅಧಿಕಾರಿಗಳದು. ಕೈಗೆ ಒಂದು ತಿಂಗಳಿಗಾಗುವಷ್ಟು ಮಾತ್ರೆ. ತಾರೀಖು ದಾಟಿದರೂ ಬಾರದವರ ಹೆಸರು ಪಟ್ಟಿಯಲ್ಲಿ ಎದ್ದು ಕಾಣುತ್ತದೆ, ಆಶಾ ಕಾರ್ಯಕರ್ತೆ ಅಂಥವರ ಮನೆಗೆ ಹೋಗಿ ವಿಚಾರಿಸುತ್ತಾರೆ. ಬಳಸುವ ಔಷಧಿಗಳು ಕೆಲವೇ ಆದ್ದರಿಂದ ಸಗಟು ಖರೀದಿಯಲ್ಲಿ ದರವೂ ಇಳಿಯುತ್ತದೆ. ಇದರಲ್ಲಿ ಬೆರಗುಗೊಳಿಸುವ ಯಂತ್ರವೇನೂ ಇಲ್ಲ. ಇಂಥ ಮನೆಯ ಇಂಥ ರೋಗಿ ಇಂಥವರ ಜವಾಬ್ದಾರಿ ಎಂದು ಬರೆದಿಟ್ಟಿರುವುದೇ ಇದರ ಜೀವಾಳ.

ಈ ಜವಾಬ್ದಾರಿಯನ್ನು ಇಡೀ ದೇಶಕ್ಕೆ ಹರಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. ಅಲ್ಲಿ 1994ರಿಂದ ವೈದ್ಯರು, ನರ್ಸ್, ಸಮುದಾಯ ಕಾರ್ಯಕರ್ತರಿರುವ ಒಂದೊಂದು ತಂಡಕ್ಕೆ ಕೆಲವು ಸಾವಿರ ಜನರನ್ನು ವಹಿಸಲಾಯಿತು. ಕಾರ್ಯಕರ್ತರು ತಿಂಗಳಿಗೊಮ್ಮೆ ಮನೆಮನೆಗೆ ಹೋಗುತ್ತಾರೆ. ಪ್ರಾಥಮಿಕ ಹಂತದಲ್ಲೇ ತಡೆಯಬಹುದಾದ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರುವವರ ಪ್ರಮಾಣ ಈ ತಂಡಗಳು ಬೆಳೆದಂತೆ ಇಳಿಯಿತೆಂದು ಅಧ್ಯಯನಗಳು ಹೇಳುತ್ತವೆ. ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಆರೋಗ್ಯ ಸೇವೆ ಕೊಟ್ಟಾಗ ಹೊರರೋಗಿ ಸೇವೆಗೆ ನೋಂದಾಯಿತ ಜನಸಂಖ್ಯೆಯ ತಲೆ ಲೆಕ್ಕದಲ್ಲಿ ಹಣ ಹಂಚಿತು. ಬೇಡದ ಟೆಸ್ಟು ಬರೆದು ಸಂಪಾದಿಸುವ ಆಸೆಗೆ ಅಲ್ಲಿ ಅವಕಾಶ ಕಡಿಮೆ.

ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಲೇಬೇಕು. ಮನೆಮನೆ ತಪಾಸಣೆ ಮಾಡಿದರೆ ಗೊತ್ತಿಲ್ಲದ ರೋಗಿಗಳೆಲ್ಲ ಬೆಳಕಿಗೆ ಬರುತ್ತಾರೆ, ಸರ್ಕಾರದ ಔಷಧಿ ಖರ್ಚು ಏರುತ್ತದೆ ಎನ್ನುತ್ತಾರೆ. ನಿಜ, ಮೊದಲ ಕೆಲವು ವರ್ಷ ಏರುತ್ತದೆ. ತಡೆಗಟ್ಟುವ ಕ್ರಮಗಳೆಲ್ಲ ಹಣ ಉಳಿಸುತ್ತವೆ ಎಂಬ ಘೋಷಣೆಯನ್ನು ನಾನೂ ಒಪ್ಪುವುದಿಲ್ಲ. ಆದರೆ ಇಲ್ಲಿ ಏರುವುದು ಸಗಟಿನಲ್ಲಿ ಕೊಂಡ ಅಗ್ಗದ ಮಾತ್ರೆಯ ಖರ್ಚು; ಇಳಿಯುವುದು ಸಾಲ ಮಾಡಿ, ಒಡವೆ ಅಡವಿಟ್ಟು ಕಟ್ಟುವ ಬಿಲ್ಲು. ಯಾರ ಜೇಬಿನ ಖರ್ಚು ಎಂದು ಕೇಳದೆ ಒಟ್ಟು ಮೊತ್ತವನ್ನಷ್ಟೇ ನೋಡುವುದು ನ್ಯಾಯವಲ್ಲ. ವೈದ್ಯರಲ್ಲದವರ ಕೈಗೆ ಚಿಕಿತ್ಸೆ ಕೊಟ್ಟರೆ ಅಪಾಯ ಎಂಬ ಆತಂಕವೂ ಇದೆ. ಬರೆದಿಟ್ಟ ಕ್ರಮ ಮೀರದೆ, ಹತೋಟಿಗೆ ಬಾರದವರನ್ನು ವೈದ್ಯರಲ್ಲಿಗೆ ತಪ್ಪದೆ ಕಳಿಸುವುದಾದರೆ ಅದಕ್ಕೆ ಉತ್ತರವಿದೆ. ಹೇಗಿದ್ದರೂ ಯಾರೂ ನೋಡದಿರುವ ಈಗಿನ ಸ್ಥಿತಿಯೇ ದೊಡ್ಡ ಅಪಾಯ.

ನನ್ನ ಚಿಂತೆ ಬೇರೆಡೆಗಿದೆ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರ ದುಡಿಮೆಯ ಮೇಲೆಯೇ ಈ ಮಾದರಿ ನಿಂತಿದೆ. ಅವರನ್ನು ಅಗ್ಗಕ್ಕೆ ದುಡಿಸಿ ಉಳಿಸಿದ ಹಣವನ್ನು ಉಳಿತಾಯ ಎನ್ನಲಾಗದು. ಇನ್ನೊಂದು, ದಾಸ್ತಾನು. ಒಂದು ತಿಂಗಳ ಮಾತ್ರೆಗೆ ಬಂದವರನ್ನು ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದು ಎರಡು ಸಲ ವಾಪಸು ಕಳಿಸಿದರೆ ಮೂರನೆಯ ಸಲ ಅವರು ಬರುವುದಿಲ್ಲ. ಆರೋಗ್ಯ ಬಜೆಟ್ಟಿನ ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು ಪ್ರಾಥಮಿಕ ಆರೈಕೆಗೆ ಹೋಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲಿ ಉಪಕೇಂದ್ರಗಳ ಔಷಧಿಗೆಂದೇ ಪ್ರತ್ಯೇಕ ಮೊತ್ತ ತೆಗೆದಿಡಲಿ. ಯಾವ ಕೇಂದ್ರದಲ್ಲಿ ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ ಎಂಬ ಲೆಕ್ಕವನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ.