ಡಿಸ್ಚಾರ್ಜ್ ಆದ ಹಿರಿಯರ ಮನೆಗೆ ಆಶಾ ಹೋಗಬೇಕೆ?

ಪರ

ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಬರುತ್ತಾರೆ. ತೊಡೆಮೂಳೆ ಮುರಿದು, ಆಪರೇಷನ್ ಆಗಿ ಅದೇ ಬೀದಿಗೆ ಮರಳಿದ ಅಜ್ಜಿಯನ್ನು ಹೀಗೆ ದಿನ ಗೊತ್ತುಮಾಡಿ ನೋಡಿಹೋಗುವವರಿಲ್ಲ.

ಆ ಮನೆಯೊಳಗೆ ಆಗುವುದೇನು? ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿದೆ. ಮೊದಲಿನಿಂದ ನುಂಗುತ್ತಿದ್ದ ಬಿಪಿ ಮಾತ್ರೆ ಡಬ್ಬಿಯಲ್ಲಿ ಇದ್ದೇ ಇದೆ. ಆಸ್ಪತ್ರೆಯವರು ಬರೆದದ್ದೂ ಅದೇ ಮಾತ್ರೆ, ಕಂಪನಿ ಬೇರೆ, ಹೆಸರು ಬೇರೆ. ಅಜ್ಜಿ ಎರಡನ್ನೂ ನುಂಗುತ್ತಾರೆ, ರಾತ್ರಿ ಬಚ್ಚಲಿಗೆ ಎದ್ದಾಗ ತಲೆಸುತ್ತಿ ಬೀಳುತ್ತಾರೆ. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು, ಹಿಂದಿನ ಸಣ್ಣಕ್ಷರ ಓದಿ, ವೈದ್ಯರಿಗೊಂದು ಫೋನ್ ಮಾಡುವವರಿದ್ದರೆ ಇದು ತಪ್ಪುತ್ತಿತ್ತು. ಹಿಮ್ಮಡಿ, ಸೊಂಟದ ಹಿಂಭಾಗ ಕೆಂಪಾಗಿದೆಯೇ ಎಂದು ನೋಡಲೂ ದೊಡ್ಡ ಓದು ಬೇಡ. ಕಡೆಗಣಿಸಿದರೆ ಅದೇ ಹಾಸಿಗೆ ಹುಣ್ಣು.

ಆಯುಷ್ಮಾನ್ ಭಾರತ್ ಯೋಜನೆ ಡಿಸ್ಚಾರ್ಜ್ ನಂತರದ 15 ದಿನದ ಔಷಧ, ಪರೀಕ್ಷೆಗಳ ಖರ್ಚನ್ನು ಒಳಗೊಂಡಿದೆ. ಆ ದಿನಗಳೂ ಚಿಕಿತ್ಸೆಯ ಭಾಗವೆಂದು ಸರ್ಕಾರವೇ ಒಪ್ಪಿದ ಮೇಲೆ, ಮನೆಗೆ ಹೋಗಿ ನೋಡುವವರನ್ನೂ ಅದಕ್ಕೆ ಸೇರಿಸಲಿ.

ವಿರೋಧ

ಅಜ್ಜಿಯನ್ನು ನೋಡುವವರು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆ ಭಾರ ಆಶಾ ಮೇಲೆಯೇ ಯಾಕೆ? ಸುಮಾರು 1,000 ಜನಕ್ಕೆ ಒಬ್ಬರು. ಗರ್ಭಿಣಿ, ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲಕ್ಕೂ ಅವರೇ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರೂ ಅವರೇ. ಹೊಸ ಕೆಲಸ ಬಂದಾಗಲೆಲ್ಲ ಅವರ ತಲೆಗೇ ಕಟ್ಟುವುದು ಅನ್ಯಾಯ.

ಮೂತ್ರದ ಪೈಪು ಕಟ್ಟಿಕೊಂಡರೆ ಬದಲಿಸಬೇಕಾದವರು ನರ್ಸ್. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದನ್ನು ಸೊಸೆಗೆ ಕಲಿಸಬೇಕಾದವರೂ ನರ್ಸ್. ತಲೆ ಎತ್ತರಿಸದೆ ಬಿಟ್ಟರೆ ಗಂಜಿ ಶ್ವಾಸಕೋಶಕ್ಕೆ ಇಳಿದೀತು. ತರಬೇತಿ ಕೊಡದೆ ಆಶಾರನ್ನು ಕಳಿಸಿ, ಹೆಚ್ಚುಕಡಿಮೆಯಾದರೆ ಊರವರ ಬೈಗುಳ ಯಾರಿಗೆ?

ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ತಂದು, ಸ್ಥಳೀಯ ಸಂಸ್ಥೆಗಳ ಮೂಲಕ ನರ್ಸ್‌ಗಳನ್ನು ಮನೆಗಳಿಗೆ ಕಳಿಸುತ್ತಿದೆ. ನಮ್ಮ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ನರ್ಸಿಂಗ್ ಓದಿದವರು. ಹಿರಿಯರನ್ನು ಮನೆಗೆ ಕಳಿಸುವ ದಿನವೇ ಆಸ್ಪತ್ರೆ ಅವರಿಗೆ ತಿಳಿಸಲಿ. ವಾರದೊಳಗೆ ಅವರು ಮನೆಗೆ ಹೋಗಲಿ. ಆಶಾ ಜತೆಗೆ ಬಂದು ಮನೆಯವರ ಪರಿಚಯ ಮಾಡಿಕೊಟ್ಟರೆ ಸಾಕು. ಅಷ್ಟಕ್ಕೂ ಅವರಿಗೆ ದುಡ್ಡು ಕೊಡಿ.