ಕರ್ಮೆಲ್ ಬೆಟ್ಟವೂ ನಮ್ಮ ಪಾಠದ ಕೊಠಡಿಯೂ

ಈ ಸಂಚಿಕೆಯಲ್ಲಿ ಪರೀಕ್ಷಾಫಲಗಳ ಮಾತನ್ನು ಬದಿಗಿಟ್ಟು, ನಮ್ಮ ಮನಸ್ಸನ್ನು ಬಹುವಾಗಿ ಕಾಡಿದ ಒಂದು ವಿಷಯವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇವೆ.

ಹತ್ತನೆಯ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬಳ ಡಬ್ಬಿಯಿಂದ ಇನ್ನೊಬ್ಬಳು ಉಣ್ಣುತ್ತಿದ್ದ ಇಬ್ಬರು ಬಾಲಕಿಯರು ಪಾಲಸ್ತೀನದ ನಕ್ಷೆಯ ಮುಂದೆ ನಿಂತು ಜಗಳವಾಡಿ ಮಾತು ಬಿಟ್ಟರು. ಆ ನಾಡು ಯೆಹೂದ್ಯರದೆಂದು ಒಬ್ಬಳು, ಅರಬರದೆಂದು ಮತ್ತೊಬ್ಬಳು. ಇಬ್ಬರಿಗೂ ಆಧಾರವು ಮೊಬೈಲಿನಲ್ಲಿ ಬಂದ ಚಿತ್ರಗಳೇ ಹೊರತು ಪುಸ್ತಕವಲ್ಲ. ಸಂಗತಿಯು ಮನೆಗಳಿಗೂ ಮುಟ್ಟಿತು. ಪೋಷಕರೊಬ್ಬರು ಬಂದು, "ಮೇಡಂ, ಒಂಟಿಕೊಪ್ಪಲಿನ ಹೆಣ್ಣುಮಕ್ಕಳಿಗೆ ಆ ದೂರದೇಶದ ಯುದ್ಧವೇಕೆ? ಆ ಮಾತನ್ನೇ ಎತ್ತಬೇಡಿ" ಎಂದರು. ಮತ್ತೊಬ್ಬರು, "ಯಾರದು ಸರಿಯೆಂದು ನೀವೇ ಹೇಳಿಬಿಡಿ" ಎಂದರು. ಈ ಎರಡು ಸಲಹೆಗಳನ್ನೂ ಒಪ್ಪಲು ನಮಗೆ ಸಾಧ್ಯವಾಗಲಿಲ್ಲ. ಕಾರಣವನ್ನು ನಿವೇದಿಸುತ್ತೇವೆ.

ಮೊದಲನೆಯದಾಗಿ, ಅದು ನಮಗೆ ದೂರದ ಯುದ್ಧವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಎಂಬ ಕುದುರೆಸವಾರರ ಪಡೆಯು ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದಿತು. 1918ನೆಯ ಸೆಪ್ಟೆಂಬರ್ 23ರಂದು ಈ ಪಡೆಯೂ ಜೋಧಪುರದ ಪಡೆಯೂ ಸೇರಿ ತುರ್ಕರಿಂದ ಹೈಫಾ ಪಟ್ಟಣವನ್ನು ಗೆದ್ದವು. ಜೋಧಪುರದವರು ಬೆಟ್ಟಕ್ಕೂ ಹೊಳೆಗೂ ನಡುವೆ ನುಗ್ಗಿದರು. ಮೈಸೂರಿನ ಸವಾರರಲ್ಲಿ ಒಂದು ತಂಡವು ಬೆಟ್ಟವನ್ನೇರಿ ಮೇಲಿದ್ದ ತೋಪುಗಳ ಮೇಲೆ ಬಿದ್ದಿತು. ಆ ಬೆಟ್ಟವೇ ಕರ್ಮೆಲ್, ಆ ಹೊಳೆಯೇ ಕೀಷೋನ್. ಎಲೀಯನ ಚರಿತ್ರೆಯನ್ನು ನಮ್ಮ ಶಾಲೆಯಲ್ಲಿ ಓದಿದವರಿಗೆ ಈ ಹೆಸರುಗಳು ಹೊಸವಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರನದು. ಬೆಂಗಳೂರಿನಲ್ಲಿಯೂ ಆ ಪಡೆಯ ಸ್ಮಾರಕವಿದೆ.

ನಮ್ಮವರ ಶೌರ್ಯವನ್ನು ಹೊಗಳಿ ಪುಸ್ತಕವನ್ನು ಮುಚ್ಚುವುದು ಸುಲಭ. ಆದರೆ ಗೆದ್ದ ಆ ನೆಲವು ಏನಾಯಿತೆಂದು ಕೇಳದೆ ಮುಚ್ಚುವುದು ನ್ಯಾಯವಲ್ಲ. ಒಂದೇ ನಿವೇಶನವನ್ನು ಇಬ್ಬರಿಗೆ ಕರಾರು ಮಾಡಿಕೊಟ್ಟವನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆಂಗ್ಲ ಸರ್ಕಾರವು ಮಾಡಿದ್ದು ಹೆಚ್ಚುಕಡಮೆ ಅದೇ. 1915-16ರ ಪತ್ರಗಳಲ್ಲಿ ಅದು ಅರಬರಿಗೆ ಸ್ವಾತಂತ್ರ್ಯದ ಆಸೆ ಕೊಟ್ಟಿತು. 1916ರಲ್ಲಿ ಫ್ರಾನ್ಸಿನೊಡನೆ ಗುಟ್ಟಾಗಿ ಪ್ರಾಂತಗಳನ್ನು ಹಂಚಿಕೊಂಡಿತು. 1917ನೆಯ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಯೆಹೂದ್ಯರಿಗೆ ಅಲ್ಲಿಯೇ ರಾಷ್ಟ್ರೀಯ ನೆಲೆಯನ್ನು ಒಪ್ಪಿಕೊಂಡಿತು. ನಮ್ಮ ಸವಾರರು ಬೆಟ್ಟವನ್ನು ಹತ್ತುವಾಗ ಈ ಮೂರು ಕಾಗದಗಳೂ ಸಿದ್ಧವಾಗಿದ್ದವು. ಅವರಿಗೆ ಅದಾವುದನ್ನೂ ಯಾರು ತಾನೆ ಓದಿಹೇಳಿಯಾರು?

ಮುಂದಿನದು ದುಃಖದ ಕಥೆ. ಯೂರೋಪಿನಲ್ಲಿ 60 ಲಕ್ಷ ಯೆಹೂದ್ಯರು ಕೊಲೆಯಾದರು. ಉಳಿದವರಲ್ಲಿ ಅನೇಕರು ಆಶ್ರಯವನ್ನು ಅರಸಿ ಬಂದರು. 1947ರಲ್ಲಿ ವಿಶ್ವಸಂಸ್ಥೆಯು ನಾಡನ್ನು ಇಬ್ಭಾಗ ಮಾಡಲು ನಿರ್ಣಯಿಸಿತು. ಭಾರತವು ಅದಕ್ಕೆ ವಿರೋಧವಾಗಿ ಮತವಿತ್ತಿತು. 1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧವಾಯಿತು, ಸುಮಾರು 7 ಲಕ್ಷ ಪಾಲಸ್ತೀನಿಯರು ಮನೆಮಠ ಕಳೆದುಕೊಂಡರು. ಹೈಫಾದ ಅರಬರಲ್ಲಿಯೂ ಬಹುಮಂದಿ ಊರು ಬಿಟ್ಟರು. 1956, 1967, 1973ರಲ್ಲಿ ಮತ್ತೆ ಯುದ್ಧಗಳಾದವು. 1979ರಲ್ಲಿ ಈಜಿಪ್ಟಿನೊಡನೆ ಸಂಧಿಯಾಯಿತು. 1993ರ ಓಸ್ಲೋ ಒಪ್ಪಂದದಿಂದ ಚಿಗುರಿದ ಆಸೆ ಫಲಿಸಲಿಲ್ಲ. 2023ನೆಯ ಅಕ್ಟೋಬರ್ 7ರಂದು ಹಮಾಸಿನವರ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಅನಂತರದ ಯುದ್ಧದಲ್ಲಿ ಗಾಜಾದ ಹತ್ತಾರು ಸಾವಿರ ಜನರು ಸತ್ತರು, ಅವರಲ್ಲಿ ನಮ್ಮ ವಿದ್ಯಾರ್ಥಿನಿಯರ ವಯಸ್ಸಿನ ಮಕ್ಕಳೂ ಬಹುಮಂದಿ. 2025ರ ಅಕ್ಟೋಬರಿನಲ್ಲಿ ಕದನವಿರಾಮವು ಜಾರಿಗೆ ಬಂದಿತು. ಸಾವುಗಳು ಅದರೊಡನೆ ನಿಂತುಬಿಡಲಿಲ್ಲ. ನಮ್ಮ ದೇಶವಾದರೋ 1950ರಲ್ಲಿ ಇಸ್ರೇಲನ್ನೂ 1988ರಲ್ಲಿ ಪಾಲಸ್ತೀನವನ್ನೂ ಮಾನ್ಯಮಾಡಿದೆ.

ಇಂತಹ ವಿಷಯದಲ್ಲಿ ಉಪಾಧ್ಯಾಯಿನಿಯು ಮೌನವಾದರೆ ಮಕ್ಕಳು ಮೌನವಾಗುವುದಿಲ್ಲ. ಅವರಿಗೆ ಬೇರೆ ಗುರುಗಳು ದೊರೆಯುತ್ತಾರೆ. ಇನ್ನು ತೀರ್ಪನ್ನು ಕೊಟ್ಟುಬಿಟ್ಟರೆ ಅವರು ತೀರ್ಪನ್ನು ಬಾಯಿಪಾಠ ಮಾಡುತ್ತಾರೆಯೇ ಹೊರತು ಚರಿತ್ರೆಯನ್ನು ಕಲಿಯುವುದಿಲ್ಲ. ಆದುದರಿಂದ ನಾವು ಮೂರು ನಿಯಮಗಳನ್ನು ಮಾಡಿಕೊಂಡೆವು. ಘಟನೆಗಳನ್ನು ವರ್ಷದ ಕ್ರಮದಲ್ಲಿ ಹೇಳತಕ್ಕದ್ದು. ಇತ್ತಂಡದವರ ದುಃಖವನ್ನೂ ಒಂದೇ ದಿನದ ಪಾಠದಲ್ಲಿ ಹೇಳತಕ್ಕದ್ದು. ಸತ್ಯವೇದದ ಹಿಂಬದಿಯ ನಕ್ಷೆಯನ್ನು ಯಾರ ಮನೆಯ ಹಕ್ಕುಪತ್ರವೆಂದೂ ತಿಳಿಯಬಾರದು. ಈ ಮೂರನೆಯದನ್ನು ಕ್ರೈಸ್ತಳಾಗಿ ಹೇಳುವ ಹೊಣೆಯು ಹೆಚ್ಚಾಗಿ ನಮ್ಮದೇ. ಇತ್ತಂಡವನ್ನೂ ಕೇಳುವುದೆಂದರೆ ಅನ್ಯಾಯವನ್ನು ಅನ್ಯಾಯವೆನ್ನಬಾರದೆಂದಲ್ಲ. ಕೇಳಿದವರ ಮಾತಿಗೆ ಮಾತ್ರ ಆ ಬೆಲೆ ಬರುತ್ತದೆಯೆಂದು ನಮ್ಮ ಅಭಿಪ್ರಾಯ.

ಜಗಳವಾಡಿದ ಬಾಲಕಿಯರಿಗೆ, ತನ್ನದಲ್ಲದ ಪಕ್ಷದ ಚರಿತ್ರೆಯನ್ನು ಎರಡು ಪುಟ ಬರೆದು ತರುವಂತೆ ಹೇಳಿದೆವು. ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಬರೆದರು. ಅವರಿಗೆ ಇನ್ನೂ ಒಮ್ಮತವಾಗಿಲ್ಲ. ಆದರೆ ಊಟದ ಡಬ್ಬಿಯು ಮತ್ತೆ ನಡುವೆ ಬಂದಿದೆ.

ಪೋಷಕ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೇ. ಮನೆಯಲ್ಲಿ ಮಗಳು ಈ ವಿಷಯವನ್ನು ಎತ್ತಿದರೆ ಅವಳ ಬಾಯಿ ಮುಚ್ಚಿಸಬೇಡಿ, "ಅದಕ್ಕೆ ಮೊದಲು ಏನಾಗಿತ್ತು?" ಎಂದು ಒಂದು ಪ್ರಶ್ನೆಯನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಸವಾರರ ಪದಕವೋ ಪಟವೋ ಕಾಗದವೋ ಇದ್ದರೆ ಒಂದು ದಿನದ ಮಟ್ಟಿಗೆ ಶಾಲೆಗೆ ತನ್ನಿರಿ. ನಮ್ಮವರು ಹತ್ತಿದ ಬೆಟ್ಟದ ಕೆಳಗೆ ಇಂದಿಗೂ ಜನರು ವಾಸಮಾಡುತ್ತಾರೆಂಬುದನ್ನು ನಮ್ಮ ಹುಡುಗಿಯರು ಅರಿಯಲಿ.